ಮೊದಲು ತಕ್ಕಡಿ ನೋಡಿ, ಆಮೇಲೆ ತೂಕ

ಅಂಗಡಿಯವನು ಬೆಲ್ಲ ತೂಗುವ ಮೊದಲು ಖಾಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೇ ಎಂದು ನೋಡುತ್ತಾನೆ. ಅವನು ನೋಡದಿದ್ದರೆ ಗಿರಾಕಿಯೇ ಜಗಳ ತೆಗೆಯುತ್ತಾನೆ. ಕಾಲು ಕಿಲೋ ಬೆಲ್ಲಕ್ಕೆ ಇಷ್ಟು ಎಚ್ಚರವಾಗಿರುವ ನಾವು, ಕಿವಿ ಸರಿಯಾಗಿ ಕೇಳದ ಮಗುವಿನ ಬುದ್ಧಿಯನ್ನು ತೂಗುವಾಗ ಮಾತ್ರ ತಕ್ಕಡಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಬಂದ ತೂಕವನ್ನೇ ಪ್ರಗತಿಪತ್ರದಲ್ಲಿ ಬರೆದು, 'ಹುಡುಗ ಮಂದ, ಗಮನ ಕಮ್ಮಿ' ಅಂತ ಷರಾ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಅಂಥ ಒಂದು ಷರಾ ಒಂದು ಮಗುವಿನ ಬಾಳನ್ನೇ ಬೇರೆ ದಾರಿಗೆ ಹಚ್ಚಬಲ್ಲದು.

ಕಿವುಡು ಅಂದರೆ ಏನೂ ಕೇಳಿಸದಿರುವುದು ಎಂದೇ ಬಹಳ ಮಂದಿಯ ತಿಳುವಳಿಕೆ. ಹಾಗಲ್ಲ. ಎಷ್ಟೋ ಮಕ್ಕಳಿಗೆ ಸ್ವರಗಳು ಕೇಳುತ್ತವೆ. ಸ, ಶ, ಫ ಮೊದಲಾದ ತೆಳು ಧ್ವನಿಗಳು ಕೇಳುವುದಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಾರೆ, ಪಾಠ ಮಾತ್ರ ಅರ್ಧಂಬರ್ಧ ಸೇರುತ್ತದೆ. 'ಕರೆದರೆ ಬರ್ತಾನಲ್ಲ, ಕಿವಿ ಛಲೋ ಅದ, ಬರೀ ಸೋಮಾರಿ' ಎಂದು ಮೇಷ್ಟ್ರು ತೀರ್ಪು ಕೊಟ್ಟುಬಿಡುತ್ತಾರೆ.

ಇನ್ನು, ತುಟಿ ನೋಡಿ ತಿಳ್ಕೋತಾರೆ ಬಿಡ್ರಿ ಅನ್ನುವ ಮಾತು. ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ, 'ಪರ, ಬರ, ಮರ' ಎಂದು ಹೇಳಿ ನೋಡಿ. ಮೂರೂ ಒಂದೇ! ಹೀಗಿರುವಾಗ ಮೇಷ್ಟ್ರು ಕೋಣೆಯ ತುಂಬ ಅಡ್ಡಾಡುತ್ತ ಉಕ್ತಲೇಖನ ಕೊಟ್ಟು, 'ಮರ'ವನ್ನು 'ಬರ' ಎಂದು ಬರೆದವನ ಅಂಕ ಕಳೆದರೆ, ಅವರು ಅಳೆದದ್ದು ಕಾಗುಣಿತವನ್ನೋ, ಕಿವಿಯನ್ನೋ? ಬಾಯಿಲೆಕ್ಕದ ಪಾಡೂ ಇದೇ. 'ರಾಮನಿಗೆ ಐದು ರೂಪಾಯಿ ಬರಬೇಕು', 'ರಾಮನಿಂದ ಐದು ರೂಪಾಯಿ ಬರಬೇಕು'. ಒಂದರಲ್ಲಿ ರಾಮ ಸಾಲ ಕೊಟ್ಟವ, ಇನ್ನೊಂದರಲ್ಲಿ ಸಾಲಗಾರ. ಕನ್ನಡದಲ್ಲಿ ಲೆಕ್ಕವೆಲ್ಲ ಪದದ ಬಾಲದಲ್ಲಿ ಕೂತಿರುತ್ತದೆ; ಮಾತಾಡುವಾಗ ನಾವು ನುಂಗುವುದೂ ಆ ಬಾಲವನ್ನೇ. ಜಮಾ ಖರ್ಚು ಅದಲುಬದಲು ಮಾಡಿದ ಮಗುವಿಗೆ ಲೆಕ್ಕ ಬಾರದು ಎನ್ನುವುದು ಯಾವ ನ್ಯಾಯ?

ಶಾಲೆಯ ಪರೀಕ್ಷೆ ತಪ್ಪಾದರೆ ಅಂಕ ಹೋಗುತ್ತದೆ. ಬುದ್ಧಿಮಾಪನ ತಪ್ಪಾದರೆ ತರಗತಿಯೇ ಹೋಗುತ್ತದೆ. ನಮ್ಮ ದೇಶದಲ್ಲಿ ದಶಕಗಟ್ಟಲೆ ಬಳಸಿದ ಬಿನೆ-ಕಾಮತ್ ಪರೀಕ್ಷೆಗೂ ಕನ್ನಡಕ್ಕೂ ನಂಟಿದೆ. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಪರದೇಶದ ಅಳತೆಗೋಲನ್ನು ನಮ್ಮ ಮಕ್ಕಳ ಮಾತಿಗೆ ತಂದದ್ದು ದೊಡ್ಡ ಕೆಲಸ. ಆದರೆ ಅದರಲ್ಲಿ ಬಹುಪಾಲು ಮಾತಿನ ಪ್ರಶ್ನೆ, ಮಾತಿನ ಉತ್ತರ. ಕೇಳಿಸದ ಮಗುವಿಗೆ ಅದನ್ನು ಕೊಟ್ಟರೆ ಬುದ್ಧಿಯ ಬದಲು ಕಿವಿಯ ತೂಕ ಬರುತ್ತದೆ. ಇದನ್ನರಿತೇ ಅಮೆರಿಕದಲ್ಲಿ ಪಿಂಟ್ನರ್ ಮತ್ತು ಪ್ಯಾಟರ್ಸನ್ 1917ರಷ್ಟು ಹಿಂದೆಯೇ ಮಾತಿಲ್ಲದೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳ ಮಾಲೆ ಕಟ್ಟಿದರು. ನಮ್ಮಲ್ಲಿ ಸಿ. ಎಂ. ಭಾಟಿಯಾ ಅವರ ಕೃತಿ ಪರೀಕ್ಷೆಗಳು 1955ರಲ್ಲಿ ಬಂದವು. ಅದರ ಐದು ಭಾಗಗಳಲ್ಲಿ ನಾಲ್ಕು ಕೈಕಣ್ಣಿನವು; ಒಂದು ಮಾತ್ರ ಕೇಳಿದ ಧ್ವನಿಗಳನ್ನು ನೆನಪಿಟ್ಟು ಮರಳಿ ಹೇಳುವುದು! ಅಂದಮೇಲೆ ಪರೀಕ್ಷೆಯ ಹೆಸರು ನೋಡಿದರೆ ಸಾಲದು, ಒಳಗೂ ಇಣುಕಬೇಕು.

ನಮ್ಮ ಹೈದರಾಬಾದಿನಲ್ಲಿ ಈ ಗಂಟು ಇನ್ನೂ ಬಿಗಿ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ದಖ್ಖನಿ ಉರ್ದು, ಬೀದಿಯ ಫಲಕದಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಅಕೌಂಟೆನ್ಸಿ ಓದುವ ನನ್ನಂಥವರಿಗೆ ಇದರ ರುಚಿ ಸ್ವಲ್ಪ ಗೊತ್ತು. ಆದರೆ ನಾವು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಅವರಿವರ ಮಾತು ಕಿವಿಗೆ ಬಿದ್ದೇ ಅರ್ಧ ಕಲಿತೆವು. ಹಾಗೆ ಪುಕ್ಕಟೆ ಕಿವಿಗೆ ಬೀಳುವ ಭಾಗ್ಯ ಆ ಮಗುವಿಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಪಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ತಳ್ಳಿದ್ದರು. ಅದರ ಮೇಲೆ ನಡೆದದ್ದೇ 1970ರ ಡಯಾನಾ ಮೊಕದ್ದಮೆ. ಮಗುವಿನ ಭಾಷೆಯಲ್ಲಿ ಅಥವಾ ಅದು ಬಳಸುವ ಸಂಜ್ಞೆಯಲ್ಲಿ ಪರೀಕ್ಷಿಸಬೇಕು, ಒಂದೇ ಪರೀಕ್ಷೆಯಿಂದ ತೀರ್ಮಾನ ಕೂಡದು ಎಂದು 1975ರಲ್ಲಿ ಅಲ್ಲಿನ ಕಾನೂನೇ ಆಯಿತು.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯ 17ನೆಯ ಕಲಮು ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ, ಸಂಜ್ಞಾಭಾಷೆಯ ಬಳಕೆ ಎಲ್ಲವನ್ನೂ ಹೇಳುತ್ತದೆ. ತೆಲಂಗಾಣದಲ್ಲಿ 2018ರ ಕಾಯಿದೆ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ಮಾಡಿರುವುದರಿಂದ ಈ ವಿನಾಯಿತಿ ಇಲ್ಲಿನ ಮಗುವಿಗೆ ಆಸರೆಯೇ ಸರಿ. ಆದರೆ ವಿನಾಯಿತಿ ಬೇರೆ, ನ್ಯಾಯ ಬೇರೆ. ಒಂದು ಪತ್ರಿಕೆ ಕೈಬಿಟ್ಟ ಮಾತ್ರಕ್ಕೆ ಉಳಿದ ಪತ್ರಿಕೆಗಳ ತಕ್ಕಡಿ ಸರಿಹೋಗುವುದಿಲ್ಲ. ಶಾಲೆ 'ನಿಮ್ಮ ಮಗನಿಗೆ ಇದು ಬೇಡ' ಎನ್ನುವುದು ಸುಲಭ. 'ನಿನಗೆ ಗೊತ್ತಿರುವುದನ್ನು ಹೇಗೆ ತೋರಿಸ್ತೀಯಪ್ಪ?' ಎಂದು ಕೇಳುವುದು ಕಷ್ಟ. ನಮಗೆ ಬೇಕಾದದ್ದು ಈ ಎರಡನೆಯದು.

ಇದಕ್ಕೆ ಕೋಟಿ ರೂಪಾಯಿ ಬೇಡ. ಮೊದಲು ಕಿವಿಯ ಪರೀಕ್ಷೆ, ಆಮೇಲೆ ಬುದ್ಧಿಯ ಪರೀಕ್ಷೆ. ಮುಂಬಯಿಯಲ್ಲಿ 1983ರಲ್ಲಿ ಹುಟ್ಟಿದ ಅಲಿ ಯಾವರ್ ಜಂಗ್ ಸಂಸ್ಥೆಯ ಕೇಂದ್ರ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲೇ ಇದೆ. ಕನ್ನಡದಲ್ಲೇ ಮಾತಿನ ಪರೀಕ್ಷೆ ಆಗಬೇಕೆಂದರೆ 1965ರಿಂದ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಪರೀಕ್ಷೆಯ ದಿನ ಬೆಳಿಗ್ಗೆ ಶ್ರವಣಯಂತ್ರದ ಬ್ಯಾಟರಿ ನೋಡಬೇಕು. ಮೇಷ್ಟ್ರು ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿ ಹೇಳಿ, ಮಗು ತಿರುಗಿ ಹೇಳುತ್ತದೋ ಎಂದು ನೋಡಬೇಕು. ಡೇನಿಯಲ್ ಲಿಂಗ್ ಎಂಬ ವಿದ್ವಾಂಸರು ಬಳಕೆಗೆ ತಂದ ಈ ಉಪಾಯಕ್ಕೆ ಎರಡೇ ನಿಮಿಷ ಸಾಕು. ಉಕ್ತಲೇಖನದ ಬದಲು ಚಿತ್ರ ಕೊಟ್ಟು ಬರೆಸಬೇಕು. ಬಾಯಿಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡಬೇಕು. ಸಂಜ್ಞೆ ಬಳಸುವ ಮಗುವಿನ ಹತ್ತಿರ ಸಂಜ್ಞೆ ಬಲ್ಲವರು ಕೂರಬೇಕು.

'ಉಳಿದ ಮಕ್ಕಳಿಗೆ ಇದು ಅನ್ಯಾಯ ಅಲ್ವೇನ್ರೀ?' ಎಂದು ಕೇಳುವವರಿದ್ದಾರೆ. ಅಲ್ಲ. ಇಲ್ಲಿ ಯಾರೂ ಪ್ರಶ್ನೆಯನ್ನು ಸುಲಭ ಮಾಡಿರೆಂದು ಬೇಡುತ್ತಿಲ್ಲ, ಕೃಪಾಂಕವನ್ನೂ ಕೇಳುತ್ತಿಲ್ಲ. ಪ್ರಶ್ನೆ ಮಗುವಿಗೆ ಮುಟ್ಟಲಿ, ಉತ್ತರ ಮೇಷ್ಟ್ರಿಗೆ ಮುಟ್ಟಲಿ ಎಂದಷ್ಟೇ ಕೇಳುವುದು. ಅಷ್ಟಾದ ಮೇಲೂ ತಪ್ಪು ಬರೆದರೆ ಧಾರಾಳವಾಗಿ ಸೊನ್ನೆ ಹಾಕಲಿ, ಆ ಸೊನ್ನೆ ಆಗ ಪ್ರಾಮಾಣಿಕವಾಗಿರುತ್ತದೆ.

ಗೆಳೆಯರೇ, ಕನ್ನಡದ ಉಳಿವಿನ ಬಗ್ಗೆ ನಾವು ಸಭೆಯ ಮೇಲೆ ಸಭೆ ಮಾಡುತ್ತೇವೆ. ಈ ಊರಿನ ಕನ್ನಡ ಮನೆಗಳಲ್ಲಿ ಇಂಥ ಮಕ್ಕಳಿದ್ದರೆ, ಪರೀಕ್ಷಕರಿಗೆ ಕನ್ನಡ ಬಾರದಿದ್ದಾಗ ಜೊತೆಗೆ ಹೋಗಿ ಕೂರುವುದು, ಶಾಲೆಗೆ ಕೊಡುವ ಅರ್ಜಿಯನ್ನು ವರ್ಷದ ಆರಂಭದಲ್ಲೇ ಬರೆದುಕೊಡುವುದು ಕೂಡ ಕನ್ನಡದ ಕೆಲಸವೇ. ತಿಂಗಳಿಗೊಂದು ಭಾನುವಾರ ಇದಕ್ಕೆ ಕೊಡಲು ನಮ್ಮ ಸಂಘದಿಂದ ಆಗದೇ?