ಕತ್ತರಿಗೆ ಹೆದರಿದವರು

ಕಳೆದ ನವರಾತ್ರಿಯ ಚಿತ್ರಪ್ರದರ್ಶನಕ್ಕೆಂದು ನಮ್ಮವರೇ ಆದ ತರುಣಿಯೊಬ್ಬಳು ತಂದ ಮೂರು ಕೊಲಾಜ್ ಚಿತ್ರಗಳು ಗೋಡೆ ಏರದೆಯೇ ಹಿಂದಿರುಗಿದವು. ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ಸೀರೆಯ ಅಂಚು, ಕಿರಾಣಿ ಅಂಗಡಿಯ ಚೀಟಿ, ಲೋಕಲ್ ರೈಲಿನ ಟಿಕೆಟ್ಟು, ಇವನ್ನೆಲ್ಲ ಕತ್ತರಿಸಿ ಅಂಟಿಸಿ ಆಕೆ ದೇವಿಯರನ್ನು ಮಾಡಿದ್ದಳು. "ದೇವರ ಪಟಕ್ಕೆ ಕತ್ತರಿ ಹಾಕುವುದೆ?" ಎಂದರು ಹಿರಿಯರೊಬ್ಬರು. ಉಳಿದವರು ತಲೆದೂಗಿದರು. ಅಲ್ಲಿದ್ದ ನಾವೂ ಬಾಯಿ ಬಿಡಲಿಲ್ಲ. ಆ ತಪ್ಪಿಗಾಗಿಯೇ ಈಗ ಬರೆಯುತ್ತಿದ್ದೇವೆ.

ಈ ಕತ್ತರಿ ಹೊಸದೇನಲ್ಲ. ರಾಜಾ ರವಿವರ್ಮರು 1894ರಲ್ಲಿ ಇದೇ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಮುಂದೆ ಅದು ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ ಸರಸ್ವತಿಯರು ಊರೂರು ಸೇರಿದಾಗ ಎಷ್ಟೋ ಮನೆಗಳಲ್ಲಿ ಪಟಕ್ಕೆ ಹಾಗೆಯೇ ಕಟ್ಟು ಹಾಕಿಸಲಿಲ್ಲ. ದೇವಿಯ ಸೀರೆಯ ಮೇಲೆ ನಿಜವಾದ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಅಂಟಿಸಿದರು. ಅಂಚಿಗೆ ಜರಿ, ಕೊರಳಿಗೆ ಮಣಿ, ಕಿರೀಟಕ್ಕೆ ಚಮಕಿ. ಕೊನೆಗೆ ಅಚ್ಚಿನದೆಂದು ಉಳಿದದ್ದು ಮುಖ, ಕೈಕಾಲು ಮಾತ್ರ! ಪಿಕಾಸೊ, ಬ್ರಾಕ್ ಇಬ್ಬರೂ 1912ರಲ್ಲಿ ಚಿತ್ರದ ಮೇಲೆ ಕಾಗದ, ಬಟ್ಟೆ ಅಂಟಿಸಿದ್ದನ್ನು ಕಲಾಚರಿತ್ರೆ ಬರೆದಿಟ್ಟುಕೊಂಡಿದೆ. ನಮ್ಮ ಅಜ್ಜಿಯರ ಹೆಸರನ್ನು ಪಟದ ಬೆನ್ನಿಗೂ ಯಾರೂ ಬರೆಯಲಿಲ್ಲ. ಮನೆ ಬದಲಿಸುವಾಗ, ಹುಳ ಹಿಡಿದಿದೆಯೆಂದು ಅಂಥ ಪಟಗಳನ್ನು ರದ್ದಿಯವನಿಗೆ ಕೊಟ್ಟವರು ನಾವೇ. ಅಪಚಾರ ಯಾವುದೆಂದು ಹಿರಿಯರೇ ಹೇಳಲಿ.

ಶಾಸ್ತ್ರದ ಮಾತೆತ್ತುವವರು ದೇವೀಮಾಹಾತ್ಮ್ಯವನ್ನು ಮತ್ತೊಮ್ಮೆ ತೆರೆಯಬೇಕು. ಮಹಿಷನನ್ನು ಕೊಂದವಳು ಇಡಿಯಾಗಿ ಹುಟ್ಟಿದವಳಲ್ಲ. ಶಿವನ ತೇಜಸ್ಸು ಮುಖವಾಯಿತು, ಯಮನದು ಕೂದಲು, ವಿಷ್ಣುವಿನದು ತೋಳು, ಬ್ರಹ್ಮನದು ಪಾದ. ತ್ರಿಶೂಲ ಒಬ್ಬನದು, ಚಕ್ರ ಇನ್ನೊಬ್ಬನದು, ಸಿಂಹ ಹಿಮವಂತನದು. ಹಾಗೆ ಕೂಡಿಸಿ ಮಾಡಿದವಳನ್ನೇ ನಾವು ಒಂಬತ್ತು ದಿನ ಪೂಜಿಸುತ್ತೇವೆ. ಅಷ್ಟೇಕೆ, ವರಮಹಾಲಕ್ಷ್ಮಿಯ ದಿನ ಕಲಶದ ಮೇಲೆ ತೆಂಗಿನಕಾಯಿ ಇಟ್ಟು, ಮುಖವಾಡ ಕಟ್ಟಿ, ಸೀರೆ ಉಡಿಸಿ, ಬಳೆ ತೊಡಿಸುವುದಿಲ್ಲವೇ?

ಕೊಲಾಜ್ ಎಂದದ್ದೆಲ್ಲ ಕಲೆಯೆಂದು ನಾವು ವಾದಿಸುತ್ತಿಲ್ಲ. ಸಿನಿಮಾ ತಾರೆಯ ಕಣ್ಣಿಗೆ ಕಾಳಿಯ ನಾಲಿಗೆ ಜೋಡಿಸಿ ಗದ್ದಲ ಎಬ್ಬಿಸುವ ಸೋಮಾರಿತನವೂ ಉಂಟು. ಅದನ್ನು ಕೆಟ್ಟ ಚಿತ್ರವೆಂದು ತಿರಸ್ಕರಿಸೋಣ. ಆದರೆ ಈ ಹುಡುಗಿಯ ಅನ್ನಪೂರ್ಣೆಯ ಸೆರಗು ಆಕೆಯ ತಾಯಿಯ ಸೀರೆಯದು. ಕೈಯಲ್ಲಿದ್ದುದು ಆ ತಾಯಿ ಕೂಡಿಟ್ಟ ಕಿರಾಣಿ ಚೀಟಿಗಳು. ಅದನ್ನು ನಮ್ಮಲ್ಲಿ ಯಾರೂ ಹತ್ತಿರ ಹೋಗಿ ನೋಡಲೂ ಇಲ್ಲ.

ಚಿತ್ರಗಳು ಈಗ ಆಕೆಯ ಮನೆಯ ಕಪಾಟಿನ ಹಿಂದಿವೆಯಂತೆ. ಬರುವ ನವರಾತ್ರಿಗೆ ಅವನ್ನು ಕೇಳಿ ತರಲು ನಾವೇ ಹೋಗುತ್ತೇವೆ. ವ್ಯವಸ್ಥಾಪಕರು ಮೂರು ಮೊಳೆಗಳಿಗೆ ಗೋಡೆ ಬಿಟ್ಟುಕೊಡಲಿ.