ಐಕಾನ್ ಬದಲಾಯಿಸಲು ಕಲಿಯೋಣ, ಐಕಾನ್ ನೋಡಿ ಮೋಸ ಹೋಗದಿರೋಣ

ಹುಣಸೂರಿನ ಡಿಟಿಪಿ ಅಂಗಡಿ ಇರಲಿ, ಪಿರಿಯಾಪಟ್ಟಣದ ಝೆರಾಕ್ಸ್ ಅಂಗಡಿ ಇರಲಿ, ಕೆ.ಆರ್. ನಗರದ ಶಾಲೆ ಇರಲಿ, ಎಚ್.ಡಿ. ಕೋಟೆ ಕಡೆಯ ಪಂಚಾಯಿತಿ ಅರಿವು ಕೇಂದ್ರ ಇರಲಿ, ವಿಂಡೋಸ್ ಕಂಪ್ಯೂಟರ್ ಆನ್ ಮಾಡಿದರೆ ಕಾಣುವುದು ಹಳದಿ ಫೋಲ್ಡರ್‌ಗಳೇ. ಪಹಣಿ ಇಟ್ಟ ಫೋಲ್ಡರೂ ಹಳದಿ, ಮದುವೆ ಪತ್ರಿಕೆಯ ಫೋಲ್ಡರೂ ಹಳದಿ. ಹೆಸರು ಕೇಳಿದರೆ 'ನ್ಯೂ ಫೋಲ್ಡರ್'. ಬೇಕಾದ್ದು ಸಿಗಬೇಕಾದರೆ ಹತ್ತು ಬಾಗಿಲು ತಟ್ಟಬೇಕು.

ಆ ಹಳದಿ ಚಿತ್ರವನ್ನು ಬದಲಾಯಿಸಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ. ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ ಕಸ್ಟಮೈಸ್, ಅದರೊಳಗೆ ಚೇಂಜ್ ಐಕಾನ್. ಮರ, ನಕ್ಷತ್ರ, ಬೀಗ ಎಂದು ಸಾಲು ಚಿತ್ರಗಳು ಬರುತ್ತವೆ. ಒಂದನ್ನು ಆರಿಸಿ ಓಕೆ ಕೊಟ್ಟರೆ ಮುಗಿಯಿತು. ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಬೇಡವೆನಿಸಿದರೆ ಅಲ್ಲೇ ರಿಸ್ಟೋರ್ ಡಿಫಾಲ್ಟ್ಸ್ ಒತ್ತಿದರೆ ಹಳದಿ ವಾಪಸ್ ಬರುತ್ತದೆ.

ಇದು ಬರೀ ಶೋಕಿ ಅಲ್ಲವೇ ಎಂದು ಕೇಳಬಹುದು. ಅಲ್ಲ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಓದು ಬಾರದ ಕೋಟ್ಯಂತರ ಜನ ಚಿಹ್ನೆ ನೋಡಿಯೇ ಮತ ಹಾಕಿದರು. ಇಂಗ್ಲಿಷ್ ಓದಲು ತಡವರಿಸುವ ಮಗುವಿಗೆ, ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಕಂಪ್ಯೂಟರಿನಲ್ಲೂ ಚಿತ್ರವೇ ದಾರಿ ತೋರಿಸುತ್ತದೆ. ಜೊತೆಗೆ ಎಫ್2 ಒತ್ತಿ ಹೆಸರನ್ನೂ ಕನ್ನಡದಲ್ಲೇ ಕೊಡಬಹುದು. ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು, ಅಷ್ಟೆ. ಹಳೆಯ ನುಡಿ ಫಾಂಟಿನ ಅಕ್ಷರ ಫೋಲ್ಡರ್ ಹೆಸರಿನಲ್ಲಿ ಗಜಿಬಿಜಿಯಾಗಿ ಕಾಣುತ್ತದೆ.

ಆದರೆ ನಾವು ಇದನ್ನು ಬರೆಯುತ್ತಿರುವ ಮುಖ್ಯ ಕಾರಣ ಬೇರೆ ಇದೆ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಹುಣಸೆಹಣ್ಣು ಇರುತ್ತದೆ. ತುಂಬಿಟ್ಟವರು ನಾವೇ ಆದ್ದರಿಂದ ಮೇಲಿನ ಚೀಟಿ ನೋಡಿ ಯಾರೂ ಮೋಸ ಹೋಗುವುದಿಲ್ಲ. ಕಂಪ್ಯೂಟರಿನ ಐಕಾನ್ ಕೂಡ ಅಂಥ ಚೀಟಿಯೇ. ಯಾರು ಬೇಕಾದರೂ ಯಾವ ಚಿತ್ರ ಬೇಕಾದರೂ ಅಂಟಿಸಬಹುದು.

ಪೆನ್‌ಡ್ರೈವ್ ವೈರಸ್‌ಗಳು ಮಾಡುವುದು ಇದನ್ನೇ. ನಿಮ್ಮ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ, ಅದೇ ಹಳದಿ ಮುಖದ ಒಂದು ಪ್ರೋಗ್ರಾಂ ಇಡುತ್ತವೆ. ಫೋಲ್ಡರ್ ಎಂದು ತೆರೆದರೆ ವೈರಸ್ ಓಡುತ್ತದೆ. ಫೈಲ್ ಹೆಸರಿನ ಬಾಲದಲ್ಲಿ '.ಎಕ್ಸ್‌ಇ' ಎಂದು ಇರುತ್ತದೆ, ಆದರೆ ವಿಂಡೋಸ್ ಮೊದಲಿಂದಲೂ ಆ ಬಾಲವನ್ನು ಮುಚ್ಚಿಟ್ಟಿರುತ್ತದೆ. ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಟಿಕ್ ಹಾಕಿದರೆ ಕಾಣುತ್ತದೆ.

ಕಂಪ್ಯೂಟರ್ ಇಲ್ಲದವರಿಗೂ ಇದು ಸಂಬಂಧಪಟ್ಟ ಮಾತು. ಪಿಎಂ ಕಿಸಾನ್ ಹೆಸರಿನಲ್ಲಿ, ಆರ್‌ಟಿಒ ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ನಕಲಿ ಎಪಿಕೆ ಫೈಲುಗಳಿಗೂ ಸರ್ಕಾರದ ಮುದ್ರೆಯ ಐಕಾನ್ ಇರುತ್ತದೆ. ಮುದ್ರೆ ನೋಡಿ ನಂಬಿ ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರುವ ಒಟಿಪಿ ಕಳ್ಳರ ಕೈಗೆ ಹೋಗುತ್ತದೆ. ಹೊಗೆಸೊಪ್ಪು ಮಾರಿದ ವರ್ಷದ ದುಡ್ಡು ಬ್ಯಾಂಕಿನಲ್ಲಿ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಹಣ ಹೋಯಿತೆಂದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೀಗಾಗಿ ನಮ್ಮ ಒತ್ತಾಯ ಇಷ್ಟೇ. ಶಾಲೆಗಳಲ್ಲಿ, ಅರಿವು ಕೇಂದ್ರಗಳಲ್ಲಿ ಕಂಪ್ಯೂಟರಿನ ಮೊದಲ ಪಾಠ 'ಮುಟ್ಟಬೇಡ' ಎಂದಾಗಬಾರದು. ಮಕ್ಕಳು ತಮ್ಮದೊಂದು ಫೋಲ್ಡರ್ ಮಾಡಲಿ, ಕನ್ನಡದಲ್ಲಿ ಹೆಸರಿಡಲಿ, ಐಕಾನ್ ಬದಲಾಯಿಸಲಿ. ಅದಕ್ಕೆ ಇಂಟರ್ನೆಟ್ಟೂ ಬೇಡ, ಕಾಸೂ ಬೇಡ. ಐಕಾನ್ ತುಂಬಿದ ಬಿಟ್ಟಿ ಸಾಫ್ಟ್‌ವೇರ್‌ಗಳನ್ನು ಕಂಡಕಂಡ ಕಡೆಯಿಂದ ಇಳಿಸಿಕೊಳ್ಳುವುದಂತೂ ಬೇಡವೇ ಬೇಡ, ವಿಂಡೋಸ್‌ನಲ್ಲಿ ಇರುವ ಚಿತ್ರಗಳೇ ಸಾಕು.

ಎರಡು ನಿಮಿಷದಲ್ಲಿ ಚಿತ್ರ ಬದಲಾಯಿಸಿದ ಮಗು ಮನೆಗೆ ಹೋಗಿ ಅಪ್ಪನ ಫೋನಿಗೆ ಬಂದ ಮುದ್ರೆಯನ್ನು ನೋಡಿ, "ಚಿತ್ರ ಯಾರು ಬೇಕಾದ್ರೂ ಹಾಕ್ಬಹುದು ಕಣಪ್ಪಾ, ಒತ್ತಬೇಡ" ಎಂದು ಹೇಳುತ್ತದೆ. ಆ ಒಂದು ಮಾತಿಗಾದರೂ ಈ ಪಾಠ ಬೇಕು.