ಹೋಮಿಯೋಪತಿ ತರಗತಿಯಲ್ಲಿ ತರ್ಕದ ಪಾಠ

ಪಿಯುಸಿಯಲ್ಲಿ ವಿಜ್ಞಾನ ಓದಿ, ನೀಟ್ ಬರೆದು ಬಿಎಚ್‌ಎಂಎಸ್‌ಗೆ ಸೇರಿದ ವಿದ್ಯಾರ್ಥಿಗೆ ಮೊದಲ ವರ್ಷವೇ ಒಂದು ಅಚ್ಚರಿ ಕಾದಿರುತ್ತದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳ ಪಕ್ಕದಲ್ಲೇ ‘ಆರ್ಗನಾನ್’ ಎಂಬ ವಿಷಯ ಬಂದು ಕೂರುತ್ತದೆ. ಹೋಮಿಯೋಪತಿಯ ತತ್ತ್ವ, ತರ್ಕಶಾಸ್ತ್ರದ ಮೊದಲ ಪಾಠಗಳು, ಮನಶ್ಶಾಸ್ತ್ರ ಎಲ್ಲವೂ ಅದರೊಳಗೇ. ಇವು ಕಲಾ ವಿಭಾಗದವರ ಪಾಲಿನವು ಎಂದುಕೊಂಡು ಬಂದವರಿಗೆ ತಲೆಬುಡ ತಿಳಿಯುವುದಿಲ್ಲ. ‘ಡಾಕ್ಟರಾಗಲು ಇದೆಲ್ಲ ಏಕೆ?’ ಎಂದು ತಂದೆ ತಾಯಂದಿರೂ ಕೇಳುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಸೂತ್ರಗಳನ್ನು ಬಾಯಿಪಾಠ ಮಾಡಿ ಪಾಸಾಗುವುದು ಸುಲಭದ ದಾರಿ. ನಷ್ಟವಾಗುವುದೂ ಅಲ್ಲಿಯೇ.

ಅರಿಸ್ಟಾಟಲನ ತರ್ಕಗ್ರಂಥಗಳಿಗೆ ಒಟ್ಟಾಗಿ ಬಂದ ಹೆಸರು ಆರ್ಗನಾನ್; ಉಪಕರಣ ಎಂದರ್ಥ. ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ 1810ರಲ್ಲಿ ಪ್ರಕಟಿಸಿದ ತನ್ನ ಗ್ರಂಥಕ್ಕೆ ಅದೇ ಪದವನ್ನು ಆರಿಸಿಕೊಂಡ. ಆತ ತೀರಿಕೊಂಡದ್ದು 1843ರಲ್ಲಿ. ಈಗ ತರಗತಿಗಳಲ್ಲಿ ಓದುವ ಆರನೆಯ ಆವೃತ್ತಿ ಅಚ್ಚಾದದ್ದು 1921ರಲ್ಲಿ. ಅದರಲ್ಲಿ 291 ಸೂತ್ರಗಳಿವೆ.

ಯಾವ ಪದ್ಧತಿಯ ವೈದ್ಯನಿಗೂ ಇಂದಿಗೂ ಉಪಯೋಗವಾಗುವಂಥದು, ರೋಗಿಯ ವಿವರ ಬರೆದುಕೊಳ್ಳುವ ಕ್ರಮ ಹೇಳುವ 83ರಿಂದ 104ರವರೆಗಿನ ಸೂತ್ರಗಳು. ರೋಗಿ ಹೇಳುವಾಗ ವೈದ್ಯ ಸುಮ್ಮನಿರಬೇಕು. ಮಾತು ಎತ್ತಲೋ ಹೋದರೆ ಮಾತ್ರ ತಡೆಯಬೇಕು. ರೋಗಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ಒಂದೊಂದು ಲಕ್ಷಣಕ್ಕೂ ಹೊಸ ಸಾಲು, ಆಮೇಲೆ ತಿಳಿದದ್ದನ್ನು ಅಲ್ಲಿಯೇ ಸೇರಿಸಲು ಅನುಕೂಲವಾಗಲೆಂದು. ಹೌದು, ಅಲ್ಲ ಎಂದಷ್ಟೇ ಉತ್ತರ ಬರುವ ಪ್ರಶ್ನೆ ಕೂಡದು ಎನ್ನುತ್ತದೆ 87ನೆಯ ಸೂತ್ರ. ‘ರಾತ್ರಿ ನೋವು ಜಾಸ್ತಿಯಾಗುತ್ತದೆಯೇ?’ ಎಂದರೆ, ಕೇಳಿದವರಿಗೆ ಬೇಸರವಾಗಬಾರದೆಂದೇ ‘ಹೂಂ ಡಾಕ್ಟ್ರೇ’ ಎನ್ನುವವರುಂಟು. ‘ನೋವು ಯಾವ ಯಾವ ಹೊತ್ತಿನಲ್ಲಿ ಹೇಗಿರುತ್ತದೆ?’ ಎಂದರೆ ಬಾಯಿ ಬಿಡುತ್ತಾರೆ. ಕೆಲವರು ಇದ್ದದ್ದನ್ನು ಹಿಗ್ಗಿಸುತ್ತಾರೆ, ಕೆಲವರು ಸಂಕೋಚದಿಂದ ನುಂಗಿಕೊಳ್ಳುತ್ತಾರೆ ಎಂಬುದನ್ನೂ ಗ್ರಂಥ ಗಮನಿಸಿದೆ. ಅತ್ತೆ ಪಕ್ಕದಲ್ಲೇ ಕುಳಿತಿದ್ದರೆ ಸೊಸೆ ಏನು ತಾನೇ ಹೇಳಿಯಾಳು? ಮನಶ್ಶಾಸ್ತ್ರ ಕೆಲಸಕ್ಕೆ ಬರುವುದು ಇಲ್ಲಿ. ಫ್ರಾಯ್ಡನ ಹೆಸರು ಬರೆದು ಐದು ಅಂಕ ಗಿಟ್ಟಿಸುವುದು ಬೇರೆ ಮಾತು.

ತರ್ಕದ ಪಾಠ ಇನ್ನೂ ಕಠಿಣ. ಅದು, ತನ್ನನ್ನು ಪಠ್ಯದಲ್ಲಿ ಸೇರಿಸಿಕೊಂಡ ಪದ್ಧತಿಯನ್ನೂ ಪ್ರಶ್ನಿಸದೆ ಬಿಡುವುದಿಲ್ಲ. ಹಲವು ನಿದರ್ಶನಗಳಿಂದ ಒಂದು ನಿಯಮಕ್ಕೆ ಏರುವುದು ಅನುಗಮನ. ನಿಯಮದಿಂದ ನಿದರ್ಶನಕ್ಕೆ ಇಳಿಯುವುದು ನಿಗಮನ. 1790ರಲ್ಲಿ ಹಾನಿಮನ್, ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ, ಆ ಜ್ವರದಂಥದೇ ಲಕ್ಷಣಗಳು ಕಂಡವೆಂದು ಬರೆದ. ಆರೋಗ್ಯವಂತನಲ್ಲಿ ಒಂದು ವಸ್ತು ತರುವ ಲಕ್ಷಣಗಳು ಯಾವ ರೋಗವನ್ನು ಹೋಲುತ್ತವೆಯೋ ಆ ರೋಗಕ್ಕೆ ಅದೇ ಮದ್ದು ಎಂಬ ತತ್ತ್ವ ಮೊಳೆತದ್ದು ಹೀಗೆ. ಆತ ಆಮೇಲೆ ಬೇರೆ ಔಷಧಗಳನ್ನೂ ಪರೀಕ್ಷಿಸಿದ್ದು ನಿಜ. ಆದರೂ ತರ್ಕ ಓದುವ ವಿದ್ಯಾರ್ಥಿ ಸಿಂಕೋನಾದ ಬಳಿ ತುಸು ನಿಲ್ಲಬೇಕು. ಒಬ್ಬನ ಮೈಮೇಲಿನ ಅನುಭವದಿಂದ ಸಾರ್ವತ್ರಿಕ ನಿಯಮ ಹೊರಡುತ್ತದೆಯೇ? 1820ರಲ್ಲಿ ಆ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. 1880ರಲ್ಲಿ ಮಲೇರಿಯಾದ ಪರೋಪಜೀವಿ ಕಣ್ಣಿಗೆ ಬಿತ್ತು. ತೊಗಟೆ ಜ್ವರ ಇಳಿಸುತ್ತಿದ್ದದ್ದು ಅದರಲ್ಲಿನ ಕ್ವಿನೈನ್ ಪರೋಪಜೀವಿಯನ್ನು ಕೊಲ್ಲುತ್ತಿದ್ದುದರಿಂದ.

ಇನ್ನೊಂದು ಲೆಕ್ಕ ಪಿಯುಸಿ ರಸಾಯನಶಾಸ್ತ್ರದ್ದು. ನೂರಕ್ಕೊಂದರಂತೆ 30 ಬಾರಿ ತೆಳುಗೊಳಿಸಿದ ಔಷಧದಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಎಂದು ಅವೊಗಾಡ್ರೊ ಸಂಖ್ಯೆಯೇ ಹೇಳುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಅಧ್ಯಯನಗಳನ್ನು ತೂಗಿ ನೋಡಿ, ಹೋಮಿಯೋಪತಿ ಫಲಕಾರಿ ಎನ್ನಲು ಯಾವ ಕಾಯಿಲೆಯಲ್ಲೂ ನಂಬಲರ್ಹ ಆಧಾರವಿಲ್ಲವೆಂದಿತು. ಹೋಮಿಯೋಪತಿಯವರು ಇದನ್ನು ಒಪ್ಪಿಲ್ಲ. ಎರಡೂ ಕಡೆಯ ವಾದವನ್ನು ವಿದ್ಯಾರ್ಥಿ ಓದಬೇಕು, ತರಗತಿಯಲ್ಲೇ ಓದಬೇಕು.

‘ಔಷಧ ಕೊಟ್ಟೆ, ವಾಸಿಯಾಯಿತು’ ಎನ್ನುವುದು ಎಲ್ಲ ವೈದ್ಯರಿಗೂ ಅಂಟುವ ಚಟ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಅಜ್ಜಿಯಂದಿರು ನಗುತ್ತಿದ್ದದ್ದು ಇದಕ್ಕೇ. ನೆಗಡಿ ತಾನಾಗಿಯೇ ಹೋಗುತ್ತದೆ. ಒಬ್ಬರು ಗಮನವಿಟ್ಟು ಕೇಳಿಸಿಕೊಂಡರೇ ಎಷ್ಟೋ ನೋವು ಹಗುರಾಗುತ್ತದೆ. ಅಲ್ಲಿಯವರೆಗೆ ಅಪಾಯವಿಲ್ಲ. ಆದರೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಇಳಿಯುವ ತೂಕ ಇರುವಾತ ‘ಮೊದಲಿಗಿಂತ ವಾಸಿ’ ಎಂದಾಗ ಅದನ್ನೇ ಗುಣವೆಂದು ಬರೆದುಕೊಂಡು, ಕಫ ಪರೀಕ್ಷೆಗೆ ಕಳಿಸದೆ ಬಿಟ್ಟರೆ? ಕ್ಷಯ ಬೆಳೆಯುತ್ತದೆ, ಮನೆಮಂದಿಗೂ ಹರಡುತ್ತದೆ. ತಾಳ್ಮೆಯಿಂದ ಕೇಳುವ ವೈದ್ಯನ ಮೇಲೆ ರೋಗಿಗೆ ನಂಬಿಕೆ ಹೆಚ್ಚು. ಆತ ತಪ್ಪಿದರೆ ಆಗುವ ಕೇಡೂ ಅಷ್ಟೇ ಹೆಚ್ಚು.

ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸ್ ಇದು. ಕಾಲೇಜು ನೋಡಲು ಹೋದ ತಂದೆ ತಾಯಂದಿರು ಕಟ್ಟಡ, ಹಾಸ್ಟೆಲ್, ಶುಲ್ಕ ವಿಚಾರಿಸಿಯೇ ವಿಚಾರಿಸುತ್ತಾರೆ. ಜೊತೆಗೆ ಇನ್ನೆರಡು ಕೇಳಬಹುದು: ಹೊರರೋಗಿ ವಿಭಾಗದಲ್ಲಿ ವಿದ್ಯಾರ್ಥಿಗಳೇ ಕುಳಿತು ರೋಗಿಗಳ ವಿವರ ಬರೆದುಕೊಳ್ಳುತ್ತಾರೆಯೇ? ಬೇರೆ ಆಸ್ಪತ್ರೆಗೆ ಕಳಿಸಿದವರ ದಾಖಲೆ ಇಡುತ್ತಾರೆಯೇ? ಕಚೇರಿಗಿಂತ ಕ್ಯಾಂಟೀನಿನಲ್ಲಿ ಕುಳಿತ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ ಉತ್ತರ ಬೇಗ ಸಿಗುತ್ತದೆ.